ಹಾರನ್ ಹಾಕದೆ ಸಾಗರಕ್ಕೆ

ಮದುವೆಯಾಗಿ ಒಂಬತ್ತು ವರ್ಷವಾದರೂ ಪ್ರತಿಮಾ ತನ್ನ ಗಂಡ ಓಡಿಸುವ ಬಸ್ಸನ್ನು ಒಮ್ಮೆಯೂ ಹತ್ತಿರಲಿಲ್ಲ. ಗಂಡನ ಮೇಲೆ ಸಿಟ್ಟೇನಿಲ್ಲ. ಬಸ್ಸೆಂದರೇ ಅವಳಿಗೆ ಆಗದು. ಡೀಸೆಲ್ ವಾಸನೆ ಮೂಗಿಗೆ ಬಡಿದು, ಎರಡು ತಿರುವು ಕಳೆಯುವುದರೊಳಗೆ ಹೊಟ್ಟೆ ತೊಳಸಿ ಬರುತ್ತಿತ್ತು. ಅರಳಸುರಳಿಯ ತವರಿಗೆ ಹೋಗಬೇಕಾದರೂ ರಾಜೇಂದ್ರನಿಗೆ ರಜೆ ಸಿಗುವವರೆಗೆ ಕಾದು ಅವನ ಬೈಕಿನ ಹಿಂದೆ ಕೂತು ಹೋಗುವಳು. ಹೀಗಾಗಿ, ತೀರ್ಥಹಳ್ಳಿ–ಸಾಗರದ ಖಾಸಗಿ ಬಸ್ಸಿನ ಡ್ರೈವರ್ ರಾಜೇಂದ್ರ ಅವಳ ಪಾಲಿಗೆ ಬೆಳಿಗ್ಗೆ ಖಾಕಿ ಅಂಗಿ ತೊಟ್ಟು ಹೊರಟು, ಕತ್ತಲಾದ ಮೇಲೆ ಬಂದು, ಉಂಡು, ಟಿ.ವಿ. ಮುಂದೆ ಕೂತಲ್ಲೇ ನಿದ್ದೆ ಹೋಗುವ, ಮಾತು ಕಡಿಮೆಯ ಮನುಷ್ಯ, ಅಷ್ಟೆ. ನೆಂಟರ ಮನೆಯ ಮದುವೆಯಲ್ಲಿ ಯಾರಾದರೂ "ಯಜಮಾನ್ರು ಎಂತ ಮಾಡ್ತಾರೆ?" ಎಂದು ಕೇಳಿದರೆ "ಬಸ್ ಲೈನಲ್ಲಿದಾರೆ" ಎಂದು ಹೇಳಿ ಬೇರೆ ಮಾತು ತೆಗೆಯುತ್ತಿದ್ದಳು.

ಅಂಥವಳು ಆ ದಿನ ರಿಪ್ಪನ್‌ಪೇಟೆಯ ಸರ್ಕಲ್ಲಿನಲ್ಲಿ ಒಂದು ಕೈಯಲ್ಲಿ ನಿಂಬೆಹಣ್ಣು, ಇನ್ನೊಂದು ಕೈಯಲ್ಲಿ ಮುಚ್ಚಳದ ಬಿದಿರು ಬುಟ್ಟಿ ಹಿಡಿದು ಗಂಡನ ಬಸ್ಸಿಗೇ ಕಾಯುತ್ತ ನಿಂತಿದ್ದಳು. ಬುಟ್ಟಿಯೊಳಗೆ ಇದ್ದದ್ದು ಚುಕ್ಕಿ, ಅವರ ಮನೆಯ ಬಿಳಿ ಮೊಲ.

ಎರಡು ವರ್ಷದ ಹಿಂದೆ ಯಾರೋ ಅದನ್ನು ರಟ್ಟಿನ ಪೆಟ್ಟಿಗೆಯಲ್ಲಿಟ್ಟು, ಬಸ್ಸಿನ ಹಿಂದಿನ ಸೀಟಿನ ಕೆಳಗೆ ಬಿಟ್ಟು ಇಳಿದುಹೋಗಿದ್ದರು. ರಾಜೇಂದ್ರ ಪ್ರತಿ ಸ್ಟಾಪಿನಲ್ಲೂ ವಿಚಾರಿಸಿದ. ನಮ್ಮದು ಎಂದು ಯಾರೂ ಬರಲಿಲ್ಲ. "ಇರ್ಲಿ ಬಿಡೇ, ಒಂದು ಹಿಡಿ ಗರಿಕೆ ತಿನ್ನೋ ಜೀವ" ಎನ್ನುತ್ತ ಮನೆಗೆ ತಂದ. ಮಕ್ಕಳಿಲ್ಲದ ಮನೆಯಲ್ಲಿ ಚುಕ್ಕಿ ಬೇಗ ಬೇರೂರಿತು. ಪ್ರತಿಮಾ ಹೊಲಿಗೆ ಮಿಶಿನ್ ತುಳಿಯುವಾಗ ಅವಳ ಕಾಲ ಬುಡದಲ್ಲೇ ಮಲಗುವುದು ಅದರ ಅಭ್ಯಾಸ. ಆದರೆ ಆ ಮೊದಲ ಪ್ರಯಾಣದ ಹೆದರಿಕೆ ಮಾತ್ರ ಅದರ ಮೈಬಿಟ್ಟು ಹೋಗಲಿಲ್ಲ. ರಸ್ತೆಯಲ್ಲಿ ಹಾರನ್ ಕೇಳಿದರೆ ಸಾಕು, ಮಂಚದ ಕೆಳಗೆ ನುಗ್ಗಿ ಹಿಂಗಾಲಿನಿಂದ ನೆಲ ಗುದ್ದುತ್ತಿತ್ತು.

ಹಿಂದಿನ ದಿನದಿಂದ ಅದು ಗರಿಕೆ ಮುಟ್ಟಿರಲಿಲ್ಲ. ಗದ್ದದ ಕೂದಲೆಲ್ಲ ಜೊಲ್ಲಿನಿಂದ ಒದ್ದೆ. ಬೆಳಿಗ್ಗೆ ಊರಿನ ದನದ ಡಾಕ್ಟರು ಬಾಯಿ ಬಿಡಿಸಿ ನೋಡಿ, "ಹಲ್ಲು ಉದ್ದ ಬೆಳ್ದು ನಾಲಿಗೆಗೆ ಚುಚ್ತಾ ಇದೆ ಕಣಮ್ಮ. ಇಷ್ಟು ಸಣ್ಣ ಬಾಯಿಗೆ ಬೇಕಾದ ಸಾಮಾನು ನನ್ನತ್ರ ಇಲ್ಲ. ಸಾಗರದಲ್ಲಿ ಒಬ್ರು ಡಾಕ್ಟರಮ್ಮ ಮೊಲ, ಬೆಕ್ಕು ಎಲ್ಲಾ ನೋಡ್ತಾರೆ, ಇವತ್ತೇ ಕರ್ಕೊಂಡು ಹೋಗಿ. ದಾರೀಲಿ ಹೆದರದ ಹಾಗೆ ನೋಡ್ಕೊಳ್ಳಿ. ಮೊಲಕ್ಕೆ ಹೆದರಿಕೆಯಿಂದಲೇ ಜೀವ ಹೋಗೋದುಂಟು" ಎಂದರು. ಪ್ರತಿಮಾ ಫೋನ್ ಮಾಡಿದಾಗ ರಾಜೇಂದ್ರ ತೀರ್ಥಹಳ್ಳಿಯಲ್ಲಿದ್ದ. "ನಮ್ಮ ಬಸ್ಸಿಗೇ ಬಾ. ನಾನಿದೀನಲ್ಲ" ಎಂದು ಫೋನ್ ಇಟ್ಟ.

ಬಸ್ಸು ಎಂದಿನ ಹಾಗೆ ಉದ್ದಕ್ಕೂ ಹಾರನ್ ಬಾರಿಸುತ್ತಲೇ ಸರ್ಕಲ್ಲಿಗೆ ಬಂತು. ಬುಟ್ಟಿ ಕೈಯಿಂದ ಹಾರಿಹೋಗುವಂತೆ ಚುಕ್ಕಿ ಒದೆಯಿತು. ಕಂಡಕ್ಟರ್ ರವೀಶ್ "ಬನ್ನಿ ಅತ್ತಿಗೆ" ಎಂದು ಬುಟ್ಟಿ ಹಿಡಿದು ಹತ್ತಿಸಿ, ಇಂಜಿನ್ನಿನ ಕಾವು ತಾಗದ ಹಾಗೆ ಮೂರನೇ ಸಾಲಿನಲ್ಲಿ ಸೀಟು ಮಾಡಿಕೊಟ್ಟ. ಊರು ದಾಟುವ ಹೊತ್ತಿಗೆ ಎದುರು ಲಾರಿ ಸಿಕ್ಕು ರಾಜೇಂದ್ರನ ಕೈ ತಾನಾಗಿ ಹಾರನ್ನಿಗೆ ಹೋಯಿತು. ಒಳಗಿನಿಂದ ಚುಕ್ಕಿ ಕಿರುಚಿತು. ಎಳೆ ಮಗುವಿನ ಹಾಗೆ, ಒಂದೇ ಒಂದು ಸಲ. ಮೊಲಕ್ಕೆ ದನಿಯಿದೆ ಎಂಬುದೇ ಪ್ರತಿಮಾಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ರಾಜೇಂದ್ರ ಬಸ್ಸನ್ನು ಪಕ್ಕಕ್ಕೆ ತೆಗೆದು ನಿಲ್ಲಿಸಿದ. ಟೈರು ಹೋಯಿತೆಂದುಕೊಂಡ ಜನ ಕಿಟಕಿಯಿಂದ ಬಗ್ಗಿ ನೋಡಿದರು. ಅವನು ಎದ್ದು ಬಂದು ಮುಚ್ಚಳ ಸರಿಸಿ ಕೈಯಿಟ್ಟು ನೋಡಿದ. ಎದೆ ಹೊಡೆದುಕೊಳ್ಳುವುದು ಬೆರಳಿಗೆ ಸಿಕ್ಕಿತೇನೋ, ಮುಖ ಸಣ್ಣದಾಯಿತು. ಆಮೇಲೆ ನೆಟ್ಟಗೆ ನಿಂತು, ಮನೆಯಲ್ಲಿ ಪ್ರತಿಮಾ ಎಂದೂ ಕೇಳದಷ್ಟು ಗಟ್ಟಿಯಾಗಿ ಹೇಳಿದ.

"ನಮ್ಮನೆ ಮೊಲಕ್ಕೆ ಹುಷಾರಿಲ್ಲ, ಸಾಗರದ ಆಸ್ಪತ್ರೆಗೆ ಹೊರಟಿದೆ. ಇವತ್ತು ಹಾರನ್ ಇಲ್ಲ, ಹಾಡೂ ಇಲ್ಲ. ನಿಧಾನ ಹೋಗ್ತೀನಿ. ಅರ್ಜೆಂಟ್ ಇದ್ದೋರು ಹಿಂದಿನ ಬಸ್ಸಿಗೆ ಬನ್ನಿ, ರವೀಶ ದುಡ್ಡು ವಾಪಸ್ ಕೊಡ್ತಾನೆ. ಬೇಜಾರು ಮಾಡ್ಕೋಬೇಡಿ."

"ಒಂದು ಮೊಲಕ್ಕೋಸ್ಕರ ಬಸ್ ನಿಲ್ಸೋದಾ? ಚೆನ್ನಾಗಿದೆ!" ಎಂದು ಬ್ಯಾಗು ಹಿಡಿದವನೊಬ್ಬ ಎದ್ದ. ಪ್ರತಿಮಾ ತಲೆ ತಗ್ಗಿಸಿದಳು. ಆಗ ಅವಳ ಹಿಂದಿನ ಸೀಟಿನಲ್ಲಿದ್ದ ತಲೆಗೆ ಟವೆಲ್ಲು ಸುತ್ತಿದ ಮುದುಕರು ಬಾಯಿಬಿಟ್ಟರು. ರವೀಶ್ ಅವರನ್ನು ಮಂಜುನಾಥಪ್ಪ ಎಂದು ಕರೆಯುತ್ತಿದ್ದ.

"ಇಳಿಯೋದಾದ್ರೆ ಇಳೀರಿ ಸ್ವಾಮಿ. ಹೋದ ಮಳೆಗಾಲದಲ್ಲಿ ನನ್ನ ಹೆಂಡ್ತಿ ಯಮುನಂಗೆ ಎದೆನೋವು ಬಂದಾಗ ಇದೇ ಬಸ್ಸಿಗೆ ಹತ್ತಿಸಿದ್ದು. ಲೈಟ್ ಹಾಕ್ಕೊಂಡು, ಎಲ್ಲೂ ನಿಲ್ಲಿಸ್ದೆ, ಸೀದಾ ಆಸ್ಪತ್ರೆ ಬಾಗ್ಲಿಗೆ ಒಯ್ದ ಈ ರಾಜೇಂದ್ರ. ಸ್ಟ್ರೆಚರ್ ಬರೋ ತನಕ ಕಾಯದೆ ತಾನೇ ಎತ್ಕೊಂಡು ಒಳಗೆ ಹೋದ. ಆವತ್ತೂ ಬಸ್ ತುಂಬಾ ಜನ ಇದ್ರು, ಯಾರೂ ಕಮಕ್ ಕಿಮಕ್ ಅನ್ಲಿಲ್ಲ."

ಬ್ಯಾಗಿನವನು ಇಳಿದೇ ಹೋದ. ಅವನೊಬ್ಬನೇ. ಪ್ರತಿಮಾ ತಿರುಗಿ ಮುದುಕರನ್ನು ನೋಡಿದಳು. "ನಂಗೆ ಗೊತ್ತೇ ಇರ್ಲಿಲ್ಲ. ಹೇಳೇ ಇಲ್ಲ ಇವ್ರು" ಎಂದಳು. "ಹೇಳ್ಕೊಂಡು ತಿರುಗೋ ಜನ ಅಲ್ಲ ಬಿಡಮ್ಮ ಅವ್ನು" ಎಂದರು ಮಂಜುನಾಥಪ್ಪ. ರಾಜೇಂದ್ರ ಆಗಲೇ ತನ್ನ ಸೀಟಿಗೆ ಹೋಗಿ ಕೂತಿದ್ದ.

ಅಲ್ಲಿಂದ ಆ ಬಸ್ಸು ಹೋದ ಬಗೆಯೇ ಬೇರೆ. ತಿರುವು ಬಂದಲ್ಲೆಲ್ಲ ರಾಜೇಂದ್ರ ಹೆಡ್‌ಲೈಟು ಹಾಕಿ, ನಡೆಯುವಷ್ಟು ವೇಗಕ್ಕೆ ಇಳಿಸುತ್ತಿದ್ದ. ರವೀಶ್ ಬಾಗಿಲಲ್ಲಿ ನಿಂತು ಎದುರಿನವರಿಗೆ ಕೈ ಬೀಸುತ್ತಿದ್ದ. ಸೀಟಿಯನ್ನು ಜೇಬಿಗೆ ಹಾಕಿಕೊಂಡು, ಸ್ಟಾಪ್ ಬಂದಾಗ ಡ್ರೈವರಿನ ಹೆಗಲು ಮುಟ್ಟಿ ಹೇಳುತ್ತಿದ್ದ. ಹೊಸದಾಗಿ ಹತ್ತಿದವರಿಗೆ ಕೂತಿದ್ದವರೇ ಬುಟ್ಟಿ ತೋರಿಸಿ ಬಾಯಿಗೆ ಬೆರಳಿಡುತ್ತಿದ್ದರು. ಹಿಂದಿನ ಬಸ್ಸು ಹಾರನ್ ಹೊಡೆಯುತ್ತ ಮುಂದೆ ದಾಟಿಹೋಗುವಾಗ ಅದರ ಕಿಟಕಿಯಲ್ಲಿ ಬ್ಯಾಗಿನವನ ಮುಖ ಕಂಡಿತು. ಆ ಗದ್ದಲಕ್ಕೆ ಪ್ರತಿಮಾ ಬುಟ್ಟಿಯನ್ನು ಸೆರಗಿನಲ್ಲಿ ಮುಚ್ಚಿ ಅಪ್ಪಿಕೊಂಡಳು. ಚುಕ್ಕಿ ಒಮ್ಮೆ ನಡುಗಿ ಸುಮ್ಮನಾಯಿತು.

ಆನಂದಪುರ ಹತ್ತಿರವಾದಾಗ ಅವಳಿಗೆ ಒಂದು ವಿಷಯ ಹೊಳೆಯಿತು: ಹೊಟ್ಟೆ ತೊಳಸಿರಲಿಲ್ಲ. ನಿಂಬೆಹಣ್ಣು ಮುಷ್ಟಿಯಲ್ಲೇ ಬೆಚ್ಚಗಿತ್ತು. ಅವಳು ಗಂಡನ ಕೈಗಳನ್ನೇ ನೋಡುತ್ತಿದ್ದಳು. ಗೇರು ಬದಲಾಯಿಸಿದ್ದು ಮೈಗೆ ತಿಳಿಯುತ್ತಿರಲಿಲ್ಲ. ಗುಂಡಿಗಳನ್ನು ಅವನು ಒಂದೊಂದಾಗಿ, ಮಲಗಿದ ಮಗುವನ್ನು ದಾಟುವವನ ಹಾಗೆ ದಾಟಿಸುತ್ತಿದ್ದ. ಇದೇ ಮನುಷ್ಯನ ಪಕ್ಕದಲ್ಲಿ ಇಷ್ಟು ವರ್ಷ ಊಟಕ್ಕೆ ಕೂತಿದ್ದೆನಲ್ಲ ಎನಿಸಿತು.

ಸಾಗರ ತಲುಪಿದಾಗ ತುಂಬಾ ತಡವಾಗಿತ್ತು. ಸ್ಟ್ಯಾಂಡಿನ ಏಜೆಂಟು ಕೈ ಬೀಸಿಕೊಂಡು ಓಡಿ ಬಂದ. "ಎಂತ ಆಯ್ತು ಮಾರಾಯ? ನಿಮ್ಮ ವಾಪಸ್ ಟ್ರಿಪ್ಪಿನ ಜನ ಎಲ್ಲಾ ಬೇರೆ ಬಸ್ಸಿಗೆ ಹೋದ್ರು! ಓನರ್‌ಗೆ ಎಂತ ಹೇಳ್ಲಿ?"

"ಮೊಲಕ್ಕೆ ಹುಷಾರಿರ್ಲಿಲ್ಲ, ನಿಧಾನ ಬಂದೆ. ಹಾಗೇ ಹೇಳು" ಎಂದ ರಾಜೇಂದ್ರ. ಮಾತು ತೇಲಿಸಲಿಲ್ಲ, ಸುಳ್ಳೂ ಸೇರಿಸಲಿಲ್ಲ. ಮುಂದಿನ ಟೈಮು ಸಿಗುವವರೆಗೆ ಬಸ್ಸು ಬಿಟ್ಟು ಕದಲುವ ಹಾಗಿಲ್ಲದ್ದರಿಂದ ಅವನು ಆಸ್ಪತ್ರೆಗೆ ಬರುವಂತಿರಲಿಲ್ಲ. ಆಟೊ ಹಿಡಿದುಕೊಟ್ಟು, "ಮೆಲ್ಲ ಹೋಗು ಮಾರಾಯ" ಎಂದು ಆಟೊದವನಿಗೆ ಎರಡೆರಡು ಸಲ ಹೇಳಿದ.

ಡಾಕ್ಟರಮ್ಮ ವಿನಯಾ ಎಂಬವರು, ಪ್ರತಿಮಾಗಿಂತ ಚಿಕ್ಕವರು. ಮೊಲದ ಎದೆಗೆ ಸ್ಟೆತಸ್ಕೋಪ್ ಇಟ್ಟು ಸುಮಾರು ಹೊತ್ತು ಕೇಳಿದರು. "ರಿಪ್ಪನ್‌ಪೇಟೆಯಿಂದ ಕಾರಲ್ಲಿ ಬಂದ್ರಾ?"

"ಇಲ್ಲ ಮೇಡಂ, ಬಸ್ಸಲ್ಲಿ."

"ಬಸ್ಸಲ್ಲಾ? ಇದು ಇಷ್ಟು ಸಮಾಧಾನವಾಗಿದೆಯಲ್ಲ! ಕಾರಲ್ಲಿ ಬಂದ ಮೊಲಗಳೇ ಇಲ್ಲಿಗೆ ಬರೋಷ್ಟರಲ್ಲಿ ಅರ್ಧ ಸತ್ತಿರ್ತವೆ. ಯಾವ ಬಸ್ಸಮ್ಮ ಅದು?"

"ನಮ್ಮ ಯಜಮಾನ್ರು ಓಡಿಸೋ ಬಸ್ಸು" ಎಂದಳು ಪ್ರತಿಮಾ. ಕೋಣೆ ಚಿಕ್ಕದು, ದನಿ ಸ್ವಲ್ಪ ಜೋರೇ ಆಯಿತು. "ಡ್ರೈವರು. ಸಾಗರ ರೂಟಿಂದು."

ಹಲ್ಲು ಕತ್ತರಿಸುವಾಗ ಚುಕ್ಕಿಯನ್ನು ಅವಳೇ ಹಿಡಿದುಕೊಂಡಳು. ಸೂಜಿ ಕಂಡರೆ ಮುಖ ತಿರುಗಿಸುವವಳು, ಆವತ್ತು ತಿರುಗಿಸಲಿಲ್ಲ. ಅರ್ಧ ಗಂಟೆ ಕಳೆದ ಮೇಲೆ ಡಾಕ್ಟರಮ್ಮ ಒಂದು ಕೊತ್ತಂಬರಿ ಕಡ್ಡಿ ಹಿಡಿದರು. ಚುಕ್ಕಿ ಮೂಸಿತು, ಯೋಚಿಸಿತು, ಮೆಲ್ಲಗೆ ಒಳಗೆಳೆದುಕೊಂಡಿತು. ಹಲ್ಲು ಮತ್ತೆ ಬೆಳೆಯುತ್ತದೆ, ಆಗಾಗ ಬಂದು ತೋರಿಸಬೇಕು ಎಂದರು. "ಅದಕ್ಕೇನು ಮೇಡಂ, ನಮ್ಮ ಬಸ್ ಇದೆ" ಎಂದಳು ಅವಳು.

ಸ್ಟ್ಯಾಂಡಿನಲ್ಲಿ ರಾಜೇಂದ್ರ ಊಟದ ಡಬ್ಬಿ ತೆರೆಯದೆ ಬಾಗಿಲ ಬಳಿ ನಿಂತಿದ್ದ. "ತಿಂತಾ?" ಎಂದಷ್ಟೇ ಕೇಳಿದ. ತಿಂತು ಎಂದು ಹೇಳಿ, ಡಾಕ್ಟರಮ್ಮನ ಮಾತನ್ನು ಒಂದಕ್ಷರ ಬಿಡದೆ ಒಪ್ಪಿಸಿದಳು. ಅವನ ಕಿವಿ ಕೆಂಪಾಯಿತು. "ಸರಿ ಸರಿ, ಹತ್ತು. ಹೊತ್ತಾಯ್ತು" ಎಂದು ಆ ಕಡೆ ತಿರುಗಿದ.

ಮುಂದಿನ ಭಾನುವಾರ ಪ್ರತಿಮಾ ಹೊಸ ಸೀರೆಯುಟ್ಟು ಬರಿಗೈಯಲ್ಲಿ ಸರ್ಕಲ್ಲಿಗೆ ಬಂದು ಬಸ್ಸು ಹತ್ತಿದಳು. ರವೀಶ್ ಗಾಬರಿಯಾಗಿ, "ಮೊಲಕ್ಕೆ ಮತ್ತೆ ಎಂತ ಆಯ್ತು ಅತ್ತಿಗೆ?" ಎಂದ.

"ಅದಕ್ಕೆಂತ ಆಗಿಲ್ಲ. ತೀರ್ಥಹಳ್ಳಿಗೆ ಹೊರಟೆ."

"ಎಂತ ಕೆಲ್ಸ ಅಲ್ಲಿ?"

"ಕೆಲ್ಸ ಎಂತ ಇಲ್ಲ. ಇದೇ ಬಸ್ಸಲ್ಲಿ ಹೋಗಿ, ಇದೇ ಬಸ್ಸಲ್ಲಿ ಬರ್ತೀನಿ" ಎಂದು, ಡ್ರೈವರಿನ ಹಿಂದಿನ ಸೀಟಿನಲ್ಲಿ, ರಸ್ತೆ ಚೆನ್ನಾಗಿ ಕಾಣುವ ಕಡೆ ಕೂತಳು.