ಫಿಲ್ಟರಿಗೆ ಹಚ್ಚಿದ ಎಣ್ಣೆ

2002ನೇ ಇಸವಿಯ ಫೆಬ್ರವರಿ. ಗೋಕಾಕದಲ್ಲಿ ನಾನು ಗ್ಯಾರೇಜು ತೆರೆದು ಆಗ ಹತ್ತೊಂಬತ್ತು ವರ್ಷವಾಗಿತ್ತು. ಹುಟ್ಟಿದ್ದು ಅಂಕಲಗಿಯಲ್ಲಿ, ಓದಿದ್ದು ಏಳನೇ ಇಯತ್ತೆ, ಕೈ ಪಳಗಿದ್ದು ಟ್ರ್ಯಾಕ್ಟರಿನ ಮೇಲೆ. ಜೀಪು, ಟೆಂಪೊ, ಸಣ್ಣ ಕಾರುಗಳೂ ಬರುತ್ತಿದ್ದವು. ಆದರೆ ಕಬ್ಬಿನ ಹಂಗಾಮು ಶುರುವಾಯಿತೆಂದರೆ ಗ್ಯಾರೇಜಿನ ಮುಂದೆ ಟ್ರ್ಯಾಕ್ಟರುಗಳದೇ ಸಾಲು. ಈರಪ್ಪ ಎಂಬ ನನ್ನ ಹೆಸರು ರೇಷನ್ ಕಾರ್ಡಿನಲ್ಲಿ ಮಾತ್ರ ಉಳಿದಿತ್ತು, ಊರಿಗೆಲ್ಲ ನಾನು ಮಿಸ್ತ್ರಿ. ಅದರ ಹಮ್ಮು ನನಗೆ ಸ್ವಲ್ಪ ಇತ್ತೆಂದು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಕೆಲಸ ಕೆಟ್ಟದ್ದೇ ಅಲ್ಲಿಂದ.

ಒಂದು ಗುರುವಾರ ಬೆಳಿಗ್ಗೆ ಒಂಬತ್ತರ ಸುಮಾರಿಗೆ ಆ ಟ್ರ್ಯಾಕ್ಟರುಗಳ ನಡುವೆ ಒಂದು ಸ್ಪೋರ್ಟ್ಸ್ ಕಾರು ಬಂದು ನಿಂತಿತು. ಹಳದಿ ಬಣ್ಣ, ಎರಡೇ ಬಾಗಿಲು, ನಮ್ಮ ರಸ್ತೆಯ ಮೇಲೆ ಹೊಟ್ಟೆ ಉಜ್ಜುವಷ್ಟು ತಗ್ಗು. ಇಳಿದವಳು ಸಂಕೇಶ್ವರದ ಬೆಲ್ಲದ ವ್ಯಾಪಾರಿ ಭರಮಪ್ಪನವರ ಮಗಳು ಸುಜಾತಾ. ವಯಸ್ಸು ಇಪ್ಪತ್ತೆಂಟು ಇದ್ದೀತು. ಅಪ್ಪನ ವ್ಯಾಪಾರದ ಅರ್ಧ ಭಾರ ಹೊತ್ತಿದ್ದ ಹೆಣ್ಣುಮಗಳು. ಮುಂಬೈಯಲ್ಲಿ ಯಾರೋ ಓಡಿಸಿ ಬಿಟ್ಟಿದ್ದ ಆ ಜಪಾನಿ ಕಾರನ್ನು ಹಟ ಹಿಡಿದು ತಂದುಕೊಂಡಿದ್ದಳು.

ಕಾರಿನ ಹಿಂದಿನ ಸೀಟಿನಿಂದ ಅವಳು ಒಂದು ರಟ್ಟಿನ ಡಬ್ಬಿ ಇಳಿಸಿದಳು. ಪುಣೆಯ ಒಬ್ಬ ವ್ಯಾಪಾರಿಯಿಂದ ತರಿಸಿದ ಇನ್‌ಟೇಕ್ ಕಿಟ್ ಅದು. ಎಂಜಿನ್ನು ಉಸಿರಾಡುವ ದಾರಿಯನ್ನು ಇನ್‌ಟೇಕ್ ಎನ್ನುತ್ತೇವೆ. ಕಂಪನಿ ಕೊಟ್ಟ ಇಕ್ಕಟ್ಟಾದ ಪ್ಲಾಸ್ಟಿಕ್ ಪೆಟ್ಟಿಗೆಯನ್ನು ತೆಗೆದು, ಅಗಲವಾದ ಅಲ್ಯೂಮಿನಿಯಂ ಪೈಪು, ಅದರ ತುದಿಗೆ ಹತ್ತಿಯ ಬಟ್ಟೆಯಿಂದ ಮಾಡಿದ ಫಿಲ್ಟರು ಕೂಡಿಸಿದರೆ ಎಂಜಿನ್ನಿಗೆ ತಂಪು ಗಾಳಿ ಸರಾಗವಾಗಿ ಸಿಗುತ್ತದೆ, ಓಟ ಒಂದಿಷ್ಟು ಚುರುಕಾಗುತ್ತದೆ.

"ಮಿಸ್ತ್ರಿ ಕಾಕಾ, ಇದನ್ನ ಕೂಡಿಸಿ ಕೊಡ್ರಿ. ರವಿವಾರ ಕೊಲ್ಹಾಪುರದಾಗ ಗಾಡಿ ಓಡಸೂದೈತಿ" ಎಂದಳು.

ಕೊಲ್ಹಾಪುರದ ಹತ್ತಿರ ಒಂದು ಕ್ಲಬ್ಬಿನವರು ವರ್ಷಕ್ಕೊಮ್ಮೆ ನಾನೂರು ಮೀಟರಿನ ಸ್ಪರ್ಧೆ ಇಡುತ್ತಿದ್ದರು. ಬೆಳಗಿನ ಪರೀಕ್ಷಾ ಓಟದಲ್ಲಿ ಹದಿನೇಳು ಸೆಕೆಂಡಿನೊಳಗೆ ಮುಟ್ಟಿದವರಿಗೆ ಮಾತ್ರ ಮಧ್ಯಾಹ್ನದ ಸ್ಪರ್ಧೆಗೆ ಪ್ರವೇಶ. ಹಿಂದಿನ ವರ್ಷ ಅವಳದು 17.2 ಬಂದಿತ್ತು. ಎರಡು ದಶಾಂಶದಿಂದ ಹೊರಗುಳಿದವಳನ್ನು ನೋಡಿ ಅಲ್ಲಿಯ ಕೆಲವರು ಒಲೆಯ ಮುಂದೆ ಕೂತು ಜೋಳದ ಭಕ್ರಿ ಬಡಿ ಹೋಗು ಎಂದು ನಕ್ಕಿದ್ದರಂತೆ. ಅದನ್ನು ಹೇಳುವಾಗ ಅವಳ ಮುಖ ಬಿಗಿದುಕೊಂಡಿತು.

"ಅಕ್ಕಾರ, ಇಂಥಾದ್ದು ನಾ ಈತನಕ ಕೂಡಿಸಿಲ್ರಿ. ಬೆಳಗಾವ್ಯಾಗ ದೊಡ್ಡ ಗ್ಯಾರೇಜ್ ಅದಾವಲ್ರಿ" ಎಂದೆ.

"ಅದಾವ್ರಿ. ಆದ್ರ ನಮ್ಮ ಟ್ರ್ಯಾಕ್ಟರ್ ಹದಿನೈದು ವರ್ಷದಿಂದ ನಿಮ್ಮ ಕೈಯಾಗ ಓಡಾಕತ್ತೈತಿ. ನನಗ ನಿಮ್ಮ ಮ್ಯಾಲ ಭರೋಸಾ ಐತಿ."

ಇಂಥ ಮಾತಿಗೆ ಯಾವ ಮಿಸ್ತ್ರಿ ಉಬ್ಬುವುದಿಲ್ಲ ಹೇಳಿ. ಒಪ್ಪಿಕೊಂಡೆ. ಡಬ್ಬಿಯಲ್ಲಿ ನಾಲ್ಕು ಪುಟದ ಒಂದು ಇಂಗ್ಲಿಷ್ ಕಾಗದವಿತ್ತು. ಚಿತ್ರಗಳನ್ನು ನೋಡಿದೆ, ಯಾವ ತುಂಡು ಎಲ್ಲಿ ಕೂಡುತ್ತದೆಂದು ತಿಳಿಯಿತು, ಉಳಿದದ್ದನ್ನು ಮಡಚಿ ಪಾನಾಗಳ, ಅಂದರೆ ಸ್ಪ್ಯಾನರುಗಳ, ಟ್ರೇ ಕೆಳಗೆ ಸೇರಿಸಿದೆ. ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿದೆ. ಹತ್ತು ನಂಬರಿನ ನಾಲ್ಕು ಬೋಲ್ಟು ಸಡಿಲಿಸಿ ಹಳೆಯ ಪೆಟ್ಟಿಗೆ ತೆಗೆದೆ. ಅದರ ಕೊರಳಲ್ಲಿದ್ದ ಏರ್‌ಫ್ಲೋ ಸೆನ್ಸರನ್ನು ಜೋಪಾನವಾಗಿ ಹೊಸ ಪೈಪಿಗೆ ಕೂಡಿಸಿದೆ. ಎಂಜಿನ್ನಿಗೆ ಎಷ್ಟು ಗಾಳಿ ಹೋಗುತ್ತಿದೆ ಎಂದು ಅಳೆಯುವುದು ಈ ಸೆನ್ಸರು. ಅದರೊಳಗೆ ಕೂದಲಿನಷ್ಟು ತೆಳುವಾದ ಬಿಸಿ ತಂತಿ ಇರುತ್ತದೆ. ಅದು ಹೇಳಿದ ಲೆಕ್ಕದಂತೆ ಕಂಪ್ಯೂಟರು ಪೆಟ್ರೋಲು ಬಿಡುತ್ತದೆ. ಇಷ್ಟೆಲ್ಲ ಮಾಡುವಾಗ ಒಂದು ಬೋಲ್ಟೂ ಹೆಚ್ಚು ಬಿಗಿಯಲಿಲ್ಲ, ಒಂದು ಕ್ಲಿಪ್ಪೂ ಮುರಿಯಲಿಲ್ಲ.

ಕೊನೆಗೆ ಫಿಲ್ಟರು ಕೈಗೆ ಬಂತು. ಮುಟ್ಟಿ ನೋಡಿದೆ, ನನ್ನ ಬೆರಳಿಗೆ ಅದು ಒಣಗಿದಂತೆ ತೋರಿತು. ನಮ್ಮ ಕಡೆಯ ಹಳೆಯ ಟ್ರ್ಯಾಕ್ಟರುಗಳಲ್ಲಿ ಗಾಳಿ ಒಂದು ಬಟ್ಟಲು ಎಣ್ಣೆಯ ಮೇಲೆ ಹಾಯ್ದು ಒಳಗೆ ಹೋಗುತ್ತದೆ. ಹೊಲದ ದೂಳೆಲ್ಲ ಆ ಎಣ್ಣೆಗೆ ಅಂಟಿಕೊಳ್ಳುತ್ತದೆ. ಆ ಬಟ್ಟಲು ಬತ್ತಿದ್ದಕ್ಕೆ ಹಾಳಾದ ಎಂಜಿನ್ನುಗಳನ್ನು ಎಷ್ಟು ಬಿಚ್ಚಿದ್ದೇನೋ ಲೆಕ್ಕವಿಲ್ಲ. ಒಣ ಫಿಲ್ಟರೆಂದರೆ ನನಗೆ ಮೈಯೆಲ್ಲ ಮುಳ್ಳು. ಡಬ್ಬಿಯಲ್ಲಿ ಬೆರಳುದ್ದದ ಒಂದು ಎಣ್ಣೆ ಬಾಟಲಿ ಇತ್ತು. ಇಷ್ಟು ಹನಿ ಯಾವ ಮೂಲೆಗೆ ಸಾಲುತ್ತದೆ ಎಂದು ಅದನ್ನು ಬದಿಗಿಟ್ಟೆ. ನಮ್ಮ ಡಬ್ಬದಿಂದ ಎಂಜಿನ್ ಆಯಿಲ್ ಸುರಿದು, ಹತ್ತಿಯ ಮಡಿಕೆ ಮಡಿಕೆಗೂ ಉಣ್ಣಿಸಿ, ತೃಪ್ತಿಯಿಂದ ಕೂಡಿಸಿದೆ.

ನಾಲ್ಕು ಗಂಟೆಗೆ ಕಾರು ಹೊರಟಿತು. ಎಂಜಿನ್ನಿನ ದನಿಯೇ ಬದಲಾಗಿತ್ತು, ಸುಜಾತಾ ಕೈಬೀಸಿ ಹೋದಳು. ಒಂದು ತಾಸು ಕಳೆಯುವುದರೊಳಗೆ ಬಾಜೂ ಇದ್ದ ಎಸ್‌ಟಿಡಿ ಬೂತಿಗೆ ಅವಳ ಫೋನು ಬಂತು. ಘಟಪ್ರಭಾ ದಾಟಿ ಹುಕ್ಕೇರಿ ರಸ್ತೆಗೆ ಬಿದ್ದ ಮೇಲೆ ಗಾಡಿ ಜಗ್ಗತೊಡಗಿ, ಎಚ್ಚರಿಕೆಯ ದೀಪ ಹತ್ತಿ, ಕೊನೆಗೆ ನಿಂತೇಬಿಟ್ಟಿತ್ತು. ಮೋಟರ್‌ಸೈಕಲ್ ಹತ್ತಿ ಓಡಿದೆ. ಕಬ್ಬು ಇಳಿಸಿ ಖಾಲಿ ಬರುತ್ತಿದ್ದ ಮಸಗುಪ್ಪಿಯ ಟ್ರ್ಯಾಕ್ಟರೊಂದು ಸಿಕ್ಕಿತು. ಅದರ ಹಿಂದೆ ಹಗ್ಗ ಕಟ್ಟಿ ಹಳದಿ ಕಾರನ್ನು ಗೋಕಾಕಕ್ಕೆ ಎಳೆದುತಂದೆವು. ಊರ ಜನ ಚಹದಂಗಡಿ ಬಿಟ್ಟು ಹೊರಗೆ ಬಂದು ನೋಡಿದರು. ಟ್ರ್ಯಾಕ್ಟರಿನ ಡ್ರೈವರ್ ಸ್ಟೇರಿಂಗ್ ಹಿಡಿದು ಮೀಸೆ ತಿರುವುತ್ತಿದ್ದ. ನಾನು ತಲೆ ತಗ್ಗಿಸಿ ಹಿಂದಿನಿಂದ ಬರುತ್ತಿದ್ದೆ. ಸುಜಾತಾ ಕಾರನ್ನು ಗ್ಯಾರೇಜಿನಲ್ಲಿ ಬಿಟ್ಟು ಸಂಕೇಶ್ವರದ ಬಸ್ಸು ಹತ್ತಿದಳು.

ಶುಕ್ರವಾರ ಬೆಳಿಗ್ಗೆ ಅವಳು ಬರುವಷ್ಟರಲ್ಲಿ ಎಲ್ಲ ಕ್ಲಾಂಪು, ಎಲ್ಲ ರಬ್ಬರ್ ಕೊಳವೆ ಪರೀಕ್ಷಿಸಿಯಾಗಿತ್ತು. ಎಲ್ಲೂ ಗಾಳಿ ಸೋರುತ್ತಿರಲಿಲ್ಲ. ಎಂಜಿನ್ನು ಮಾತ್ರ ಕೆಮ್ಮಿ ಕೆಮ್ಮಿ ನಿಲ್ಲುತ್ತಿತ್ತು. "ಡುಪ್ಲಿಕೇಟ್ ಮಾಲ್ ಕಳಿಸ್ಯಾನ ಆ ಪುಣೆದಾಂವ" ಎನ್ನುತ್ತ ಅವಳು ಅದೇ ಬೂತಿಗೆ ನಡೆದಳು. ನಾನೂ ಹಿಂದೆಯೇ ಹೋಗಿ ಬಾಗಿಲಲ್ಲಿ ನಿಂತೆ. ಮಾತು ನಡೆದದ್ದು ಮರಾಠಿಯಲ್ಲಿ. ನಮ್ಮ ಕಡೆಯವರಿಗೆ ಅದೇನು ಪರಭಾಷೆಯಲ್ಲ, ಹಾಗಾಗಿ ನಮ್ಮ ಮಾತಿನಲ್ಲೇ ಬರೆಯುತ್ತೇನೆ. ಪುಣೆಯ ವ್ಯಾಪಾರಿ ವಯಸ್ಸಾದ ಮನುಷ್ಯ. ಮೋಸಗಾರ, ನಾಚಿಕೆ ಇಲ್ಲವೇ ಎಂದೆಲ್ಲ ಅವನು ಇವಳಿಂದ ಅನ್ನಿಸಿಕೊಂಡ. ಆಮೇಲೆ ಅವನೇನೋ ಕೇಳಿದ.

"ಏನಂದ್ರಿ? ಎಣ್ಣಿ? ಫ್ಯಾಕ್ಟರಿಯಿಂದನ ಹಚ್ಚಿ ಬಂದಿರತೈತಿ, ಮತ್ತ ಹಚ್ಚಿದ್ರ ಸೆನ್ಸರಿಗೆ ಹೋಗಿ ಕುಂದರತೈತಿ? ಇಲ್ರಿ! ನಮ್ಮ ಮಿಸ್ತ್ರಿ ಕಾಕಾ ಅಂಥಾ ಕೆಲಸ ಮಾಡೂದಿಲ್ಲ."

ಅವಳು ನನ್ನತ್ತ ತಿರುಗಿ ಕೇಳಲೂ ಇಲ್ಲ. ಕೇಳಬೇಕೆಂದು ಅವಳಿಗೆ ಅನ್ನಿಸಲೇ ಇಲ್ಲ. ನಾನು ಬಾಯಿ ತೆರೆಯಬೇಕಾಗಿತ್ತು, ತೆರೆಯಲಿಲ್ಲ. ಹಾಗಿದ್ದರೆ ಕಿಟ್ಟಿನಲ್ಲೇ ದೋಷವಿರಬೇಕು, ವಾಪಸ್ ಕಳಿಸಿ, ಬೇರೆ ಕೊಡುತ್ತೇನೆ ಎಂದು ಆ ಹಿರಿಯ ಸೋತ ದನಿಯಲ್ಲಿ ಹೇಳಿದನಂತೆ. ಫೋನು ಇಟ್ಟಳು. ಭಾನುವಾರದ ಓಟ ಹಳೆಯ ಪೆಟ್ಟಿಗೆಯಲ್ಲೇ ಎಂದು ತೀರ್ಮಾನವಾಯಿತು. ಆದರೆ ಸೆನ್ಸರಿನ ಮೇಲೆ ಎಣ್ಣೆ ಕುಳಿತಿರುವಾಗ ಯಾವ ಪೆಟ್ಟಿಗೆ ಹಾಕಿದರೂ ಗಾಡಿ ಓಡುವುದಿಲ್ಲವೆಂದು ಈಗ ನನಗೆ ಗೊತ್ತಿತ್ತು, ಅವಳಿಗೆ ಗೊತ್ತಿರಲಿಲ್ಲ.

ನಾನು ಕಿಟ್ಟು ಬಿಚ್ಚತೊಡಗಿದೆ. ಪೈಪಿನ ಒಳಗೋಡೆಯೆಲ್ಲ ಜಿಡ್ಡು. ಯಾರಿಗೂ ಕಾಣದಂತೆ ಒರೆಸಿಬಿಟ್ಟರೆ ಮುಗಿಯಿತು ಎಂಬ ಯೋಚನೆ ಬಂತು. ಸುಳ್ಳೇಕೆ ಹೇಳಲಿ, ಅರಿವೆಯನ್ನು ಕೈಗೆ ತೆಗೆದುಕೊಂಡೂ ಇದ್ದೆ. ಅಷ್ಟರಲ್ಲಿ ಡಬ್ಬಿ ಕಟ್ಟುತ್ತಿದ್ದ ಸುಜಾತಾ, "ಕಾಕಾ, ಅದರಾಗ ಒಂದ ಕಾಗದ ಇತ್ತಲ್ರಿ, ಅದನ್ನೂ ಕೊಡ್ರಿ" ಎಂದಳು. ಟ್ರೇ ಎತ್ತಿ ತೆಗೆದೆ. ಮೂರನೆಯ ಪುಟದಲ್ಲಿ ದಪ್ಪ ಅಕ್ಷರದ ಒಂದೇ ಸಾಲು, ಪಕ್ಕದಲ್ಲಿ ಎಣ್ಣೆ ಬಾಟಲಿಯ ಚಿತ್ರಕ್ಕೆ ಕಾಟು ಹೊಡೆದಿತ್ತು. ಏಳನೇ ಇಯತ್ತೆ ಓದಿದವನಿಗೂ 'ನಾಟ್', 'ಆಯಿಲ್' ಎಂಬ ಎರಡು ಶಬ್ದ ಓದಲು ಬರುತ್ತದೆ.

ಕಾಗದವನ್ನು ಅವಳ ಕೈಗೆ ಕೊಟ್ಟೆ. ಬೆರಳನ್ನು ಆ ಸಾಲಿನ ಮೇಲಿಟ್ಟೆ.

"ಅಕ್ಕಾರ, ಪುಣೆದಾಂವದ ತಪ್ಪಿಲ್ರಿ. ನಾ ಎಣ್ಣಿ ಹಚ್ಚೇನಿ. ನೀವು ಫೋನಿನ್ಯಾಗ ಮಾತಾಡುವಾಗನ ಗೊತ್ತಾತ್ರಿ ನನಗ. ಸುಮ್ಮ ನಿಂತೆ."

ಅವಳು ಕಾಗದ ನೋಡಿದಳು, ಫಿಲ್ಟರು ನೋಡಿದಳು. "ಎಷ್ಟ ಹಚ್ಚೀರಿ?"

"ಟ್ರ್ಯಾಕ್ಟರಿಗೆ ಹಾಕಿದಂಗ ಹಾಕೇನ್ರಿ."

ಕಾಗದವನ್ನು ಮಡಚಿ ಡಬ್ಬಿಗೆ ಹಾಕಿದಳು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. "ಆ ಮನುಷ್ಯಾಗ ನಾ ಏನೇನ ಅಂದ್ನೆಲ್ರಿ ಕಾಕಾ" ಎಂದಷ್ಟೇ ಹೇಳಿ ಮತ್ತೆ ಬೂತಿಗೆ ನಡೆದಳು. ಈ ಸಲ ನಾನು ಒಳಗೇ ಹೋಗಿ ನಿಂತೆ. ಎಲ್ಲ ತಪ್ಪನ್ನೂ ನನ್ನ ತಲೆಗೆ ಕಟ್ಟುತ್ತಾಳೆ, ಕಟ್ಟಲಿ ಎಂದು ಸಿದ್ಧನಾಗಿದ್ದೆ. ಅವಳು ಹೇಳಿದ್ದು ಇಷ್ಟೇ:

"ತಪ್ಪು ನಮ್ಮ ಕಡಿಂದ ಆಗೇತ್ರಿ. ನಾ ಸಿಟ್ಟಿನ್ಯಾಗ ಮಾತಾಡಿದ್ದನ್ನ ಮನಸಿಗೆ ಹಚ್ಕೋಬ್ಯಾಡ್ರಿ. ಈಗ ಏನ ಮಾಡಬೇಕ ಹೇಳ್ರಿ, ನಮ್ಮ ಮಿಸ್ತ್ರಿ ಬಾಜೂಕನ ಅದಾರ."

ಹಾಗೆಂದು ಫೋನು ನನ್ನ ಕೈಗೇ ಕೊಟ್ಟಳು. ಆ ಹಿರಿಯ ಜೋರಾಗಿ ನಕ್ಕುಬಿಟ್ಟ. ಆಮೇಲೆ ಕಾಲು ತಾಸು, ಸಾಲಿಯ ಮಾಸ್ತರರಂತೆ, ಒಂದೊಂದನ್ನೂ ಎರಡೆರಡು ಸಲ ಹೇಳಿದ. ನಾನು ಸಿಗರೇಟಿನ ಪಾಕೀಟಿನ ಹಿಂದೆ ಬರೆದುಕೊಂಡೆ. ಸೆನ್ಸರಿನ ತಂತಿಯನ್ನು ಬೆರಳಿನಿಂದ, ಅರಿವೆಯಿಂದ ಮುಟ್ಟಬಾರದು. ಟೇಪ್ ರೆಕಾರ್ಡರ್ ರಿಪೇರಿಯವರ ಹತ್ತಿರ ಸಿಗುವ ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ತಂದು ದೂರದಿಂದ ಹತ್ತು ಹದಿನೈದು ಸಲ ಹೊಡೆದು, ತಾನಾಗಿ ಆರಲು ಬಿಡಬೇಕು. ಫಿಲ್ಟರನ್ನು ಸೌಮ್ಯ ಸೋಪಿನ ನೀರಿನಲ್ಲಿ ತೊಳೆದು ನೆರಳಲ್ಲಿ ಒಣಗಿಸಬೇಕು; ಕಂಪ್ರೆಸರ್ ಗಾಳಿ ಬಿಟ್ಟರೆ ಹತ್ತಿ ಹರಿಯುತ್ತದೆ. ಪೂರ್ತಿ ಒಣಗಿದ ಮೇಲೆ, ತೊಳೆದಾಗ ಹಚ್ಚಲೆಂದೇ ಕೊಟ್ಟ ಆ ಬೆರಳುದ್ದದ ಬಾಟಲಿಯಿಂದ ಮಡಿಕೆಗೊಂದು ತೆಳ್ಳನೆಯ ಗೆರೆ, ಅಷ್ಟೇ.

ಟೇಪ್ ರೆಕಾರ್ಡರ್ ಅಂಗಡಿಯವನು ತನ್ನಲ್ಲಿದ್ದ ಒಂದೇ ಸ್ಪ್ರೇ ಡಬ್ಬವನ್ನು ಎತ್ತಿ ಕೊಟ್ಟ. ಫಿಲ್ಟರು ನಮ್ಮ ಮನೆಯ ಪಡಸಾಲೆಯ ಹಗ್ಗಕ್ಕೆ ಜೋತುಬಿತ್ತು. "ಚಾ ಸೋಸಾಕ ಇಷ್ಟ ದೊಡ್ಡದ ಯಾಕ ಬೇಕಾತ್ರಿ?" ಎಂದು ನೆರೆಯವರು ನನ್ನ ಹೆಂಡತಿಯನ್ನು ಕೇಳಿದರು. ಅವಳು ಒಂದು ಹಗಲು ಒಂದು ರಾತ್ರಿ ಒಲೆಯ ಹೊಗೆ ಆ ಕಡೆ ಹೋಗದಂತೆ ಕಾದಳು. ಶನಿವಾರ ಮಧ್ಯಾಹ್ನ ಸುಜಾತಾ ಕಾಗದವನ್ನು ಸಾಲು ಸಾಲಾಗಿ ಓದಿ ಅರ್ಥ ಹೇಳುತ್ತ ಹೋದಳು, ನಾನು ಕೂಡಿಸುತ್ತ ಹೋದೆ. ಅಂಕಲಗಿಯವರೆಗೆ ಹೋಗಿ ಬಂದೆವು. ಎಂಜಿನ್ನು ಎಲ್ಲೂ ತಡವರಿಸಲಿಲ್ಲ. ನಾನು ಓದು ಬಿಟ್ಟ ಅಂಕಲಗಿಯ ಸಾಲಿಯ ಮುಂದೆ ಗಾಡಿ ತಿರುಗಿಸುವಾಗ ನನ್ನ ಕಣ್ಣು ಒದ್ದೆಯಾಗಿತ್ತು, ಹಾಗೆ ಹೇಳಿಕೊಳ್ಳಲು ನನಗೀಗ ನಾಚಿಕೆಯಿಲ್ಲ.

ಭಾನುವಾರ ಭರಮಪ್ಪನವರು ನನ್ನನ್ನೂ ಜೀಪಿನಲ್ಲಿ ಕೊಲ್ಹಾಪುರಕ್ಕೆ ಕರೆದೊಯ್ದರು. ಮಗಳು ಅವರಿಗೆ ಎಲ್ಲವನ್ನೂ ಹೇಳಿದ್ದಳು. ದಾರಿಯುದ್ದಕ್ಕೂ ಅವರು ಆ ಸುದ್ದಿ ಎತ್ತಲಿಲ್ಲ, ನನಗೆ ಕುಳಿತಲ್ಲಿ ಕೂಡ್ರಲಾಗಲಿಲ್ಲ. ಪರೀಕ್ಷಾ ಓಟದಲ್ಲಿ ಹಳದಿ ಕಾರು ದೂಳೆಬ್ಬಿಸುತ್ತ ಹೋಯಿತು. ಫಲಕದ ಮೇಲೆ 16.7 ಎಂದು ಬರೆದರು. ಭರಮಪ್ಪನವರು ಟೊಪ್ಪಿಗೆ ತೆಗೆದು, ಮತ್ತೆ ಹಾಕಿಕೊಂಡು, ನನ್ನ ಹೆಗಲ ಮೇಲೆ ಕೈಯಿಟ್ಟರು.

"ಈರಪ್ಪ, ಇನ್ನ ಹೆದರಿ ನಮ್ಮ ಟ್ರ್ಯಾಕ್ಟರಿಗೆ ಎಣ್ಣಿ ಕಡಿಮಿ ಹಾಕಬ್ಯಾಡ ಮತ್ತ" ಎಂದರು.

ಮಧ್ಯಾಹ್ನದ ಸ್ಪರ್ಧೆಯಲ್ಲಿ ಅವಳಿಗೆ ಬಹುಮಾನವೇನೂ ಬರಲಿಲ್ಲ. ಹದಿನಾಲ್ಕು ಗಾಡಿಗಳಲ್ಲಿ ಆರನೆಯದಾಗಿ ಮುಟ್ಟಿದಳು. ಕಡಿಮೆಯಾದ ಆ ಅರ್ಧ ಸೆಕೆಂಡಿನಲ್ಲಿ ಇನ್‌ಟೇಕಿನ ಪಾಲೆಷ್ಟು, ಅವಳ ಬಲಗಾಲಿನ ಪಾಲೆಷ್ಟು ಎಂದು ಯಾರಾದರೂ ಕೇಳಿದರೆ ನಾನು ಕಾಲಿನ ಪರ. ಅಂದು ಭಕ್ರಿಯ ಮಾತು ಮಾತ್ರ ಯಾರ ಬಾಯಲ್ಲೂ ಬರಲಿಲ್ಲ.

2018ರಲ್ಲಿ ಗ್ಯಾರೇಜಿನ ಬಾಗಿಲು ಹಾಕಿದೆ. ಆವರೆಗೆ ಯಾವ ಹೊಸ ಬಿಡಿಭಾಗ ಬಂದರೂ ಅದರ ಕಾಗದವನ್ನು ಯಾರಿಂದಲಾದರೂ ಓದಿಸಿಕೊಳ್ಳದೆ ಪಾನಾ ಹಿಡಿಯಲಿಲ್ಲ. ಮಿಸ್ತ್ರಿ ಮುಪ್ಪಿನ ಕಾಲಕ್ಕೆ ಸಾಲಿ ಕಲಿಯಾಕತ್ತಾನ ಎಂದು ಗಿರಾಕಿಗಳು ಕಾಡಿಸುತ್ತಿದ್ದರು, ಕಾಡಿಸಲಿ. ಕೆಲಸ ಕೆಟ್ಟರೆ ಗಿರಾಕಿ ಕೇಳುವ ಮೊದಲೇ ನಾನೇ ಹೇಳುವುದನ್ನೂ ರೂಢಿ ಮಾಡಿಕೊಂಡೆ. ಪುಣೆಯ ಆ ಹಿರಿಯನ ಮುಖವನ್ನು ನಾನು ನೋಡಲೇ ಇಲ್ಲ. ಅವನ ಸಾಲ ನನ್ನ ಮೇಲಿದೆ. ಸುಜಾತಾಳದು ಅದಕ್ಕಿಂತ ದೊಡ್ಡದು. ನಮ್ಮ ಮಿಸ್ತ್ರಿ ಕಾಕಾ ಅಂಥಾ ಕೆಲಸ ಮಾಡೂದಿಲ್ಲ ಎಂದು ಅವಳು ಫೋನಿನಲ್ಲಿ ಹೇಳಿದ ಹೊತ್ತಿಗೆ ಆ ಮಾತು ಸುಳ್ಳಾಗಿತ್ತು. ಆಮೇಲಿನ ಹದಿನಾರು ವರ್ಷ ನಾನು ದುಡಿದದ್ದು ಅದನ್ನು ಖರೆ ಮಾಡಲಿಕ್ಕೆ.