ದೇವರ ಕೋಣೆಯಲ್ಲಿ ಮೂಸಿದ ಎಣ್ಣೆ

ಸ್ಪೇನಿನಲ್ಲಿ ನರ್ಸ್ ಆಗಿರುವ ನನ್ನ ತಂಗಿಯ ಮಗಳು ಈ ಸಲ ರಜೆಗೆ ವಯನಾಡಿನ ಮೀನಂಗಡಿ ಪೇಟೆಗೆ, ನನ್ನ ಮನೆಗೆ ಬಂದಾಗ ನನಗೊಂದು ಸೆಂಟಿನ ಬಾಟಲಿ ತಂದಳು. ಮುಚ್ಚಳ ತೆಗೆದದ್ದೇ ಮಜ್ಜಿಗೆ ಹುಲ್ಲಿನ ವಾಸನೆ. ಜೊತೆಗಿದ್ದ ಪುಟ್ಟ ಪುಸ್ತಕದಲ್ಲಿ ಆ ಸೆಂಟು ಮಾಡುವ ಮನೆತನದ ಕಥೆ ಇತ್ತು. ಮುತ್ತಜ್ಜ ತಾಮ್ರದ ಹಂಡೆಯಲ್ಲಿ ಕಿತ್ತಳೆ ಹೂವು ಬೇಯಿಸಿ ಅದರ ನೀರು ಮಾರಿದ್ದು, ಅಜ್ಜ ಅಂಗಡಿ ಇಟ್ಟದ್ದು, ಈಗ ಮೊಮ್ಮಗಳು ನಡೆಸುತ್ತಿರುವುದು. ಕೊನೆಯ ಪುಟದಲ್ಲಿ ಅವರಿಗೆ ಹುಲ್ಲೆಣ್ಣೆ ಕೊಟ್ಟ ನಮ್ಮೂರಿನವರ ಫೋಟೊ. ಹುಲ್ಲೆಣ್ಣೆ ಇಳಿಸುವ ಭಟ್ಟಿಯ ಯಜಮಾನ, ಪಕ್ಕದಲ್ಲಿ ಅವನ ಹೆಂಡತಿ. ಅವಳ ಚಿತ್ರದ ಕೆಳಗೆ ಬರೆದದ್ದನ್ನು ಹುಡುಗಿ ಓದಿ ಹೇಳಿದಳು, "ವಯನಾಡಿನ ನಮ್ಮ ಮೂಗು, ಈ ತಾಯಿ."

ಸುಳ್ಳು. ಆ ಮೂಗು ನನ್ನ ಅವ್ವನದು.

ನಮ್ಮೂರು ಪೆರಿಕಲ್ಲೂರಿನಲ್ಲಿ, ಹೊಳೆದಂಡೆಯ ಆ ಭಟ್ಟಿಯ ಯಜಮಾನನನ್ನು ಎಲ್ಲರೂ ಮುದಲಾಳಿ ಎನ್ನುತ್ತಿದ್ದರು. ಅವನನ್ನು 'ಅವರು' ಎಂದು ಬರೆಯಲು ನನಗೆ ಕೈ ಬರುವುದಿಲ್ಲ, ದೇವರು ಕ್ಷಮಿಸಲಿ. ಹುಲ್ಲು ಬೇಯುವಾಗ, ಅಲ್ಲಿ ಕೂಲಿಗಿದ್ದ ಅವ್ವ ಒಂದು ಹನಿ ಎಣ್ಣೆಯನ್ನು ಮುಂಗೈಗೆ ಸವರಿ ಮೂಸಿ, "ಈಗ ಬೆಂಕಿ ಎಳೀರಿ" ಅಂದರೆ ಎಳೆಯಬೇಕು. ಸ್ವಲ್ಪ ತಡವಾದರೂ ಎಣ್ಣೆಗೆ ಸುಟ್ಟ ವಾಸನೆ. ಆ ಮೂಗಿಗಾಗಿ ಅವ್ವ ಈರುಳ್ಳಿ ಬಿಟ್ಟಿದ್ದಳು, ತಲೆಗೆ ಹೂವು ಮುಡಿಯುವುದನ್ನೂ ಬಿಟ್ಟಿದ್ದಳು. ಯುಗಾದಿಗೂ ಮುಡಿದದ್ದನ್ನು ನಾನು ನೋಡಿಲ್ಲ...

ಸ್ಪೇನಿನ ಆ ಸೆಂಟಿನ ಮನೆಯ ಮೊಮ್ಮಗಳು ಭಟ್ಟಿಗೆ ಬಂದಾಗ ನಾನು ಏಳನೇ ಕ್ಲಾಸು. ತಮ್ಮ ಮನೆಯಲ್ಲಿ ಮೂಸುವವರ ಹೆಸರನ್ನು ಪುಸ್ತಕದಲ್ಲಿ ಬರೆದಿಡುತ್ತೇವೆ, ಇಲ್ಲಿ ಮೂಸುವವರು ಯಾರು ಎಂದು ಕೇಳಿದಳಂತೆ. ಮುದಲಾಳಿ ಹಲ್ಲು ಕಿರಿದು ಹೆಂಡತಿಯನ್ನು ತೋರಿಸಿದ. ಸ್ಪೇನಿನವಳು ಚೀಲದಿಂದ ಎಣ್ಣೆಯ ಮೂರು ಶೀಶೆ ತೆಗೆದಳು. ಒಂದರಲ್ಲಿ ಕಲಬೆರಕೆ ಇದೆ, ಯಾವುದೆಂದು ಇವರು ಹೇಳಲಿ ಎಂದಳು. ಹೆಂಡತಿಯ ಮುಖ ಬಿಳಿಚಿಕೊಂಡಿತು. ಅವಳಿಗೆ ಹಾಲು ಸೀದರೂ ಗೊತ್ತಾಗುತ್ತಿರಲಿಲ್ಲ!

ಮುದಲಾಳಿ ಅಳುಕಲಿಲ್ಲ. "ನಮ್ಮಲ್ಲಿ ದೇವರ ಮುಂದೆನೇ ಮೂಸೋದು. ಹೊರಗಿನವರು ನೋಡೋ ಹಂಗಿಲ್ಲ" ಅಂದ. ಅಂಥ ಪದ್ಧತಿ ನಮ್ಮ ಸೀಮೆಯಲ್ಲೇ ಇಲ್ಲ. ಆ ಪರದೇಶದವಳು ಪಾಪ, ಚಪ್ಪಲಿ ಬಿಟ್ಟು ಕೈಮುಗಿದು ಜಗಲಿಯಲ್ಲೇ ನಿಂತಳು.

ಮುದಲಾಳಿಯ ಮನೆಯ ಹಿಂದಿನ ಬಾಗಿಲಿನಿಂದ ಅವ್ವನನ್ನು ದೇವರ ಕೋಣೆಗೆ ಕರೆದರು. ನಾನು ಅವಳ ಸೆರಗು ಹಿಡಿದಿದ್ದೆ. ಅವ್ವ ಮೂರನ್ನೂ ಮೂಸಿ, "ನಡುವಿಂದಕ್ಕೆ ಸೀಮೆಎಣ್ಣೆ ಸೇರೈತೆ" ಎಂದು ಪಿಸುಗುಟ್ಟಿದಳು. ಹೆಂಡತಿ ಹೊರಗೆ ಹೋಗಿ ಅದನ್ನೇ ಹೇಳಿದಳು. ಆಮೇಲೆ ಆ ಫೋಟೊ ತೆಗೆದದ್ದು. ನಾವು ಒಳಗೇ ಇದ್ದೆವು.

ಆಕೆಯ ಕಾರು ಹೋದಮೇಲೆ ಮುದಲಾಳಿ, "ನಿಂಗೆ ಕೆಲಸ ಐತಲ್ಲ, ಮತ್ತೆ ಹೆಸರು ಯಾಕೆ? ಸೊಪ್ಪಿನ ಸಾರಿಗೆ ಹಾಕ್ತೀಯಾ?" ಎಂದು ನಕ್ಕ. ಅವ್ವನೂ ನಕ್ಕಳು. ಆ ನಗು ನೆನೆದರೆ ಈಗಲೂ ಹಲ್ಲು ಕಡಿಯುತ್ತೇನೆ. ದಾರಿಯಲ್ಲಿ ನಾನು ಅತ್ತಾಗ, "ಸುಮ್ಕಿರು ಮೋಳೇ, ಮಗಳೇ, ದೇವ್ರು ಅಲ್ಲೇ ಇದ್ನಲ್ಲ, ನೋಡವ್ನೆ" ಅಂದಳು. ನೋಡಿ ಏನು ಮಾಡಿದ?

ಅವ್ವ ತೀರಿಕೊಂಡಳು, ಮುದಲಾಳಿಯೂ ಸತ್ತ. ಈಗ ನನ್ನಿಂದ ಇದನ್ನು ಕೇಳಿದ ತಂಗಿಯ ಮಗಳು ಸುಮ್ಮನಿರದೆ ಆ ಸೆಂಟಿನ ಮನೆಯವರಿಗೆ ಎಲ್ಲವನ್ನೂ ಬರೆದಳು. ಮರ್ಯಾದೆಯಿಂದಲೇ ಉತ್ತರ ಬಂತು. ಫೋಟೊದಲ್ಲಿರುವ ತಾಯಿ ಒಂದು ಮಾತು ಹೇಳಿದರೆ ಮುಂದಿನ ಪುಸ್ತಕದಲ್ಲಿ ಹೆಸರು ತಿದ್ದುತ್ತೇವೆ, ಎಂದು.

ಪನಮರಂನಲ್ಲಿ ತನ್ನ ಮಗಳ ಮನೆಯಲ್ಲಿರುವ ಆ ಮುದುಕಿಯ, ಮುದಲಾಳಿಯ ಹೆಂಡತಿಯ, ಹತ್ತಿರ ಹೋದೆ. ಅವಳು ಮರೆತಿರಲಿಲ್ಲ.

"ನಿಮ್ಮವ್ವನೇ ಹೇಳಿದ್ದು, ಹೌದು. ಈಗ ಅದ್ಯಾಕೆ?"

"ಅಷ್ಟನ್ನೇ ಫೋನಿನಲ್ಲಿ ಹೇಳಿ ಅಮ್ಮಾ. ಸಾಕು."

"ಮೊಮ್ಮಕ್ಕಳು ಬಂದವರಿಗೆಲ್ಲ ಆ ಪುಸ್ತಕ ತೋರಿಸ್ತವೆ. ಅಜ್ಜಿ ಸುಳ್ಳಿ ಅನ್ನಿಸ್ಕೊಳ್ಳಲಾ?"

"ದೇವರ ಕೋಣೆಗೆ ಬನ್ನಿ. ಅಲ್ಲಿ ನಿಂತು ಆಗೋದಿಲ್ಲ ಅನ್ನಿ, ಹೋಗ್ತೀನಿ."

ಅವಳು ಏಳಲಿಲ್ಲ. "ಚಾಯ ಕುಡಿದು ಹೋಗು" ಅಂದಳು. ಕುಡಿಯದೆ ಎದ್ದುಬಂದೆ.

ದಿನಾ ಸಂಜೆ ದೀಪ ಹಚ್ಚಿ, ದೇವರು ಕೊಟ್ಟದ್ದನ್ನು ಒಂದೊಂದಾಗಿ ಹೇಳಿಕೊಳ್ಳುವುದು ನನ್ನ ರೂಢಿ. ಮೊಣಕಾಲು ಇವತ್ತು ನೋಯಲಿಲ್ಲ, ಅಕ್ಕಿ ಡಬ್ಬ ತುಂಬಿದೆ, ಹುಡುಗಿ ಸುಖವಾಗಿ ವಾಪಸ್ ತಲುಪಿದಳು. ಮುದಲಾಳಿಯ ಮನೆಯವರನ್ನು ಕ್ಷಮಿಸುವ ಮನಸ್ಸು ಕೊಡು ಎಂದು ಮಾತ್ರ ಇನ್ನೂ ಕೇಳಿಲ್ಲ. ಕೇಳಿದರೆ ಕೊಟ್ಟುಬಿಡುತ್ತಾನೆ. ಆಮೇಲೆ ಅವ್ವನ ಪರವಾಗಿ ಸಿಟ್ಟಾಗಲು ಈ ಭೂಮಿಯ ಮೇಲೆ ಯಾರೂ ಇರುವುದಿಲ್ಲ.