ಇಂಪಾಲಾದ ಬಲಗಡೆಯ ಸೀಟು

ಹೆಂಡತಿಯನ್ನು ಒಂದು ಮಾತು ಕೇಳದೆ ತಾನು ಏನನ್ನೂ ಮಾಡುವವನಲ್ಲ ಎಂಬುದು ಚಂದ್ರಹಾಸನಿಗೆ ತನ್ನ ಬಗ್ಗೆ ಇದ್ದ ದೊಡ್ಡ ಹೆಮ್ಮೆ. ಆಕ್ಲೆಂಡಿನ ಕನ್ನಡದವರು ಯಾರ ಮನೆಯಲ್ಲಿ ಊಟಕ್ಕೆ ಸೇರಿದರೂ ಈ ಮಾತು ಒಮ್ಮೆ ಬಂದೇ ಬರುತ್ತಿತ್ತು. ಪಕ್ಕದಲ್ಲಿ ಪಲ್ಯ ಬಡಿಸುತ್ತಿದ್ದ ಕಾತ್ಯಾಯಿನಿ "ಹೂಂ" ಅನ್ನುತ್ತಿದ್ದಳು. ಸಾಕ್ಷಿ ಎದುರಿಗೇ ಇರುವಾಗ ಯಾರು ತಾನೇ ಅನುಮಾನ ಪಡುತ್ತಾರೆ?

ತುಮಕೂರಿನಿಂದ ಓದಲೆಂದು ಬಂದವನು ಒನೆಹುಂಗಾದ ಪೇಂಟ್ ಕಾರ್ಖಾನೆಯಲ್ಲಿ ಬಣ್ಣ ಪರೀಕ್ಷಿಸುವ ಕೆಲಸ ಹಿಡಿದ. ಊರಿಗೆ ಹೋಗಿ ಮದುವೆಯಾಗಿ ಬಂದ, ಹಿಲ್ಸ್‌ಬರೋದಲ್ಲಿ ಮನೆ ಕೊಂಡ. ಇಲ್ಲಿಯವರೆಗೆ ಎಲ್ಲರ ಕತೆಯೇ. ನಲವತ್ತು ದಾಟಿದ ಮೇಲೆ, ೨೦೧೪ರಲ್ಲಿ, ಹಳೆಯ ಅಮೆರಿಕನ್ ಕಾರುಗಳ ಹುಚ್ಚು ಹಿಡಿಯಿತು. ಯಾಕೆ ಎಂದರೆ ಅವನಿಗೂ ಸರಿಯಾಗಿ ಗೊತ್ತಿಲ್ಲ. ಕ್ಯಾಲಿಫೋರ್ನಿಯಾದಿಂದ ಹಡಗಿನಲ್ಲಿ ಬಂದಿಳಿದ ೧೯೬೪ರ ಇಂಪಾಲಾ ಒಂದನ್ನು ನೋಡಿದ, ಅವತ್ತು ಊಟ ಸೇರಲಿಲ್ಲ.

"ಕಾತ್ಯಾಯಿನಿ, ಒಂದು ಕಾರ್ ನೋಡಿದೀನಿ. ತಗೊಳೋಣ ಅಂತಿದೀನಿ."

"ಹೂಂ."

ಬಂದ ಕಾರು ಗ್ಯಾರೇಜಿಗಿಂತ ಉದ್ದ. ಬಾಗಿಲು ಹಾಕಲಾಗದೆ ಅದರ ಹಿಂಭಾಗ ಹೊರಗೇ ಚಾಚಿಕೊಂಡಿತು. ಎರಡು ವರ್ಷದ ಶನಿವಾರ ಭಾನುವಾರಗಳು ಅದರ ಕೆಳಗೆ ಮಲಗಿಯೇ ಕಳೆದವು. ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕ್ ಹಾಕಿಸಿದ, ಹೊಸ ಸೀಟ್ ಬೆಲ್ಟ್ ಕೂರಿಸಿದ, ತಾನೇ ಬೆರೆಸಿದ ನವಿಲುನೀಲಿ ಬಳಿದ. ಮಗಳು ಪೂರ್ವಿ "ಸೋ ಎಂಬರಾಸಿಂಗ್, ಅಪ್ಪ" ಎಂದು ಅದನ್ನು ಹತ್ತಲು ಒಪ್ಪಲೇ ಇಲ್ಲ. ಸ್ಟಿಯರಿಂಗ್ ಒಂದನ್ನು ಮಾತ್ರ ಅಮೆರಿಕದಲ್ಲಿದ್ದಂತೆ ಎಡಗಡೆಗೇ ಬಿಟ್ಟ. ಬಲಕ್ಕೆ ತಂದರೆ ಕಾರಿನ ಮಾನ ಹೋಗುತ್ತದೆ ಎಂದು ಹಳೆಯ ಕಾರುಗಳ ಕ್ಲಬ್ಬಿನ ಹಿರಿಯ ಕೆವಿನ್ ಹೇಳಿದ್ದ.

ತೊಡಕಿದ್ದದ್ದು ಅಲ್ಲೇ. ಇಲ್ಲಿಯೂ ನಮ್ಮ ಕಡೆಯಂತೆ ರಸ್ತೆಯ ಎಡಕ್ಕೆ ಓಡಿಸಬೇಕು. ಎಡಗಡೆಯೇ ಕೂತು ಓಡಿಸುವವನಿಗೆ ಮುಂದಿನ ಲಾರಿಯ ಬೆನ್ನು ಬಿಟ್ಟು ಬೇರೇನೂ ಕಾಣುವುದಿಲ್ಲ. ಎದುರಿನಿಂದ ಏನು ಬರುತ್ತಿದೆ ಎಂದು ಬಲಗಡೆ ಕೂತವರೇ ನೋಡಿ ಹೇಳಬೇಕು. ಕೆವಿನ್‌ನ ಹೆಂಡತಿ ಬಸ್ ಕಂಡಕ್ಟರ್ ಹಾಗೆ ಕೂಗಿ ಹೇಳುತ್ತಾಳಂತೆ. ಕಾತ್ಯಾಯಿನಿ ಕೂಗುವ ಪೈಕಿಯವಳಲ್ಲ.

ಒಂದು ಭಾನುವಾರ ವೈಕಾಟೊ ಕಡೆ ಕ್ಲಬ್ಬಿನ ಕೂಟವಿತ್ತು. ಮೋಟಾರ್‌ವೇ ಮುಗಿದು ರಸ್ತೆ ಕಿರಿದಾದ ಮೇಲೆ ಹಾಲಿನ ಟ್ಯಾಂಕರ್ ಒಂದು ಮುಂದೆ ಸಿಕ್ಕಿತು. ಚಂದ್ರಹಾಸ ಕಾರ್ಬ್ಯುರೇಟರ್ ಪುರಾಣ ಹೇಳುತ್ತಲೇ ನಡುವೆ "ಹೋಗ್ಲಾ?" ಅಂದ. "ಹೂಂ" ಅಂದಳು. ಟ್ಯಾಂಕರನ್ನು ದಾಟಲು ಕಾರನ್ನು ಬಲಕ್ಕೆ ಎಳೆದ. ಎದುರಿಗೆ ಯೂಟ್, ಅಂದರೆ ಇಲ್ಲಿಯ ಪಿಕಪ್ ಗಾಡಿ, ಒಂದು ದೀಪ ಮಿನುಗಿಸುತ್ತ ನೇರ ಇವರ ಮೇಲೇ ಬರುತ್ತಿತ್ತು. ಹೊಸ ಬ್ರೇಕು ಕೈ ಹಿಡಿಯಿತು. ಹೇಗೋ ಟ್ಯಾಂಕರಿನ ಹಿಂದೆ ಬಂದು ನುಸುಳಿದ, ರಸ್ತೆ ಬದಿಯ ಜಲ್ಲಿಯ ಮೇಲೆ ನಿಲ್ಲಿಸಿದ.

"ಗಾಡಿ ಬರ್ತಿದ್ದದ್ದು ಕಾಣಿಸ್ಲಿಲ್ವಾ ನಿಂಗೆ?"

"ಕಾಣಿಸ್ತು."

"ಮತ್ತೆ ಹೂಂ ಅಂದ್ಯಲ್ಲ."

ಕಾತ್ಯಾಯಿನಿಯ ಮುಖ ಬಿಳಿಚಿಕೊಂಡಿತ್ತು. "ನೀವು ಮಾತಾಡ್ತಿದ್ರಿ. ನೀವು ಮಾತಾಡುವಾಗ ನಾನು ಹೂಂ ಅಂತೀನಿ. ಕೇಳ್ತಿದೀರಿ ಅಂತ ನಂಗೆ ಹೊಳೀಲೇ ಇಲ್ಲ ರೀ."

ಸಿಟ್ಟು ಮಾಡಲೂ ಆಗಲಿಲ್ಲ. ಸತ್ತಿದ್ದರೆ ಅವಳೂ ಜೊತೆಗೇ ಸಾಯುತ್ತಿದ್ದಳಲ್ಲ. ಆದರೆ ಆ ಕೊನೆಯ ಮಾತು ಅವನನ್ನು ಬಿಡಲಿಲ್ಲ. ಹಾಗಾದರೆ ಹಿಲ್ಸ್‌ಬರೋ ಮನೆ? ಅವಳಮ್ಮ ಹಾಸಿಗೆ ಹಿಡಿದಾಗ 'ರಜೆ ಸಿಗಲಿ, ಆಮೇಲೆ ಹೋಗೋಣ' ಅಂದದ್ದು? ಒಂದೇ ಮಗು ಸಾಕು ಅಂದದ್ದು? ಎಲ್ಲಕ್ಕೂ ಒಂದೊಂದು ಹೂಂ ಸಿಕ್ಕಿತ್ತು. ಅದರಲ್ಲಿ ಒಪ್ಪಿ ಅಂದದ್ದು ಯಾವುದು, ಬರೀ ರೂಢಿಗೆ ಅಂದದ್ದು ಯಾವುದು? ತಲೆ ಕೆಟ್ಟು ಮೊಸರುಗಡಿಗೆಯಾಯಿತು. ಇಷ್ಟು ವರ್ಷ ಯಾರ ಜೊತೆ ಸಂಸಾರ ಮಾಡಿದೆ ಎಂದು ಭಯವೂ ಆಯಿತು.

"ಈ ದೇಶಕ್ಕೆ ಬರ್ತೀಯಾ ಅಂತ ಕೇಳಿದ್ನಲ್ಲ, ಆಗ?"

"ಕೇಳ್ಲಿಲ್ಲ. ಟಿಕೆಟ್ ಬುಕ್ ಆಗಿದೆ ಅಂದ್ರಿ."

"ಕೇಳಿದ್ರೆ ಏನಂತಿದ್ದೆ?"

ಅವಳು ಬೇಲಿಯಾಚೆ ಮೇಯುತ್ತಿದ್ದ ಹಸುಗಳನ್ನು ನೋಡಿದಳು. "ಗೊತ್ತಿಲ್ಲ. ಯೋಚ್ನೆ ಮಾಡ್ತಿದ್ದೆ."

ಚಂದ್ರಹಾಸ ಕಾರು ಹೊರಡಿಸಿದ. ಸ್ವಲ್ಪ ದೂರದಲ್ಲೇ ಒಣಹುಲ್ಲಿನ ಹೊರೆ ಹೊತ್ತ ಟ್ರ್ಯಾಕ್ಟರ್ ಒಂದು ಮುಂದೆ ಸಿಕ್ಕಿತು. ಗಂಟಲು ಸರಿಮಾಡಿಕೊಂಡ.

"ಕಾತ್ಯಾಯಿನಿ, ಕೇಳ್ತಿದೀನಿ. ಹೋಗ್ಲಾ?"

ಅವಳು ನೆಟ್ಟಗೆ ಕೂತು ರಸ್ತೆಯನ್ನು ತುಂಬ ಹೊತ್ತು ನೋಡಿದಳು.

"ಬೇಡ."

ತಡೆದು ಮತ್ತೆ ಕೇಳಿದ. ಮತ್ತೆ "ಬೇಡ" ಅಂದಳು, ಈ ಸಲ ಸ್ವಲ್ಪ ಗಟ್ಟಿಯಾಗಿ. ಹಿಂದೆ ಕಾರುಗಳ ಸಾಲು ಬೆಳೆಯಿತು, ಯಾರೋ ಹಾರ್ನ್ ಒತ್ತಿದರು. ಎದುರಿನಿಂದ ಯಾವ ಗಾಡಿಯೂ ದಾಟಿ ಹೋಗಲಿಲ್ಲ. ಆದರೂ ಚಂದ್ರಹಾಸ ಟ್ರ್ಯಾಕ್ಟರಿನ ಹಿಂದೆಯೇ ಉಳಿದ.